ಸೆಲ್ಲಿನ ಆಯುಸ್ಸು, ನಡೆಯುವವನ ಆಯುಸ್ಸು

ನಗರದಲ್ಲಿ ಹುಟ್ಟಿ ಬೆಳೆದವರಿಗೆ ಕತ್ತಲೆಯ ಪರಿಚಯ ಕಡಮೆ. ದೀಪ ಆರಿದರೆ ಅವರು ಕಿಟಕಿಯಿಂದ ಇಣಿಕಿ, ನೆರೆಮನೆಯಲ್ಲಿಯೂ ಆರಿದೆಯೇ ಎಂದು ನೋಡುತ್ತಾರೆ. ಆರಿದ್ದರೆ ಸಮಾಧಾನಗೊಂಡು ಮೇಣದ ಬತ್ತಿಯನ್ನು ಹುಡುಕುತ್ತಾರೆ. ಟಾರ್ಚು ಅಂತಹ ಮನೆಗಳಲ್ಲಿ ಬೀರುವಿನ ಯಾವುದೋ ಮೂಲೆಯಲ್ಲಿ ಬಿದ್ದಿರುವ ವಸ್ತು. ವರ್ಷಕ್ಕೊಮ್ಮೆ ಕೈಗೆತ್ತಿಕೊಂಡಾಗ ಅದು ಉರಿಯುವುದಿಲ್ಲ. "ಸೆಲ್ಲು ಹೋಗಿದೆ" ಎಂಬ ತೀರ್ಪಿನೊಡನೆ ಮತ್ತೆ ಅದೇ ಮೂಲೆಯನ್ನು ಸೇರುತ್ತದೆ. ಸೆಲ್ಲು ಎಷ್ಟು ದಿನ ಬಾಳುತ್ತದೆ ಎಂಬುದು ಅಲ್ಲಿ ಕೆಲವು ರೂಪಾಯಿಗಳ ಪ್ರಶ್ನೆ. ಅದೇ ಪ್ರಶ್ನೆ ಘಟ್ಟದ ಬುಡದಲ್ಲಿ ಬೇರೊಂದು ಅರ್ಥವನ್ನು ಪಡೆಯುತ್ತದೆ.

ಕಾರ್ಕಳದಿಂದ ಪೂರ್ವಕ್ಕೆ ಹೊರಟ ರಸ್ತೆ ಬಜಗೋಳಿಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಮಾಳದ ಮೂಲಕ ಘಟ್ಟವನ್ನೇರಿ ಕುದುರೆಮುಖದ ಕಡೆಗೆ ಸಾಗುತ್ತದೆ. ಇನ್ನೊಂದು ಹೊಸ್ಮಾರು, ನಾರಾವಿಗಳನ್ನು ಹಾದು ಗುರುವಾಯನಕೆರೆಯನ್ನು ಮುಟ್ಟುತ್ತದೆ. ಪೇಟೆಯಲ್ಲಿ ಅಂಗಡಿಗಳಿವೆ, ದೀಪಗಳಿವೆ. ಆದರೆ ಸಂಜೆಯ ಬಸ್ಸಿನಿಂದ ಇಳಿದವರೆಲ್ಲರ ಮನೆ ಪೇಟೆಯಲ್ಲಿಲ್ಲ. ಕರಾವಳಿಯ ಹಳ್ಳಿಯಲ್ಲಿ ಮನೆಗಳು ಬಯಲುಸೀಮೆಯಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ. ಗದ್ದೆಯ ಹುಣಿ, ತೋಡಿಗೆ ಅಡ್ಡ ಹಾಕಿದ ಸಂಕ, ಅಡಿಕೆ ತೋಟದ ಅಂಚಿನ ಕಾಲುದಾರಿ, ರಬ್ಬರ್ ಮರಗಳ ನಡುವಣ ಏರು, ಇವನ್ನೆಲ್ಲ ದಾಟಿದ ಮೇಲೆ ಅಂಗಳ. ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಮಳೆಗಾಲ ಬಾಗಿಲಿಗೆ ಬಂದಂತೆಯೇ. ಆಮೇಲೆ ನಾಲ್ಕು ತಿಂಗಳ ಕಾಲ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬೀಳುವುದು, ವಿದ್ಯುತ್ತು ನಿಲ್ಲುವುದು, ಮೋಡ ಕವಿದ ಆಕಾಶದಲ್ಲಿ ಚಂದ್ರನ ಸುಳಿವಿಲ್ಲದಿರುವುದು ಸಾಮಾನ್ಯ. ಅಂತಹ ರಾತ್ರಿಯಲ್ಲಿ ಕೈಯಲ್ಲಿರುವ ಎರಡು ಸೆಲ್ಲುಗಳು ಅಂಗಳದವರೆಗೆ ಬರುತ್ತವೆಯೋ, ಸಂಕದ ಬಳಿಯೇ ಕೈಬಿಡುತ್ತವೆಯೋ ಎಂಬುದು ಅಲ್ಪ ವಿಷಯವಲ್ಲ.

ಹಿಂದೆ ಈ ದಾರಿಯನ್ನು ತೋರಿಸುತ್ತಿದ್ದುದು ತೂಟೆ. ಒಣಗಿದ ತೆಂಗಿನ ಗರಿಗಳನ್ನು ಬಿಗಿಯಾಗಿ ಕಟ್ಟಿ, ತುದಿಗೆ ಬೆಂಕಿ ಹಚ್ಚಿ, ಬೀಸುತ್ತ ನಡೆಯುವುದು ತುಳುನಾಡಿನ ರೂಢಿ. ಕುಂದಾಪುರದ ಕಡೆ ಅದಕ್ಕೆ ಸೂಡಿ ಎನ್ನುತ್ತಾರೆ. ಕಟೀಲಿನ ಜಾತ್ರೆಯಲ್ಲಿ ಭಕ್ತರು ಉರಿಯುವ ತೂಟೆಗಳನ್ನು ಒಬ್ಬರ ಮೇಲೊಬ್ಬರು ಎಸೆಯುವ ತೂಟೆದಾರದಲ್ಲಿ ಅದು ಇಂದಿಗೂ ಉಳಿದಿದೆ. ತೂಟೆಯ ಬೆಳಕು ಹೊಗೆಯ ಬೆಳಕು, ಮಳೆಗೆ ಅಂಜುವ ಬೆಳಕು. ಆದರೂ ಅದಕ್ಕೊಂದು ದೊಡ್ಡ ಗುಣವಿತ್ತು: ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಮೊಳದುದ್ದ ಉಳಿದಿರುವಾಗ ಮನೆ ಇನ್ನೂ ದೂರವಿದ್ದರೆ, ದಾರಿಯ ಮನೆಯೊಂದರಲ್ಲಿ ಇನ್ನೊಂದನ್ನು ಕೇಳಿ ಪಡೆಯಬಹುದಿತ್ತು. ಅನಂತರ ಬಂದ ಸೀಮೆಎಣ್ಣೆಯ ಲಾಟೀನನ್ನು ಅಲುಗಾಡಿಸಿದರೆ ಒಳಗಿನ ಎಣ್ಣೆ ಸದ್ದು ಮಾಡಿ ತನ್ನ ಲೆಕ್ಕವನ್ನು ಒಪ್ಪಿಸುತ್ತಿತ್ತು. ಸೆಲ್ಲು ಮಾತ್ರ ಹಾಗಲ್ಲ. ಹೊಸದಿರುವಾಗ ಅದಕ್ಕೆ ಯಾವ ರೂಪವೋ, ಬರಿದಾದಾಗಲೂ ಸಾಮಾನ್ಯವಾಗಿ ಅದೇ ರೂಪ. ಆದುದರಿಂದಲೇ ಬಜಗೋಳಿಯ ಅಂಗಡಿಗಳ ಮುಂದೆ ತುಳುವಿನಲ್ಲೋ ಕನ್ನಡದಲ್ಲೋ ಈ ಸಂಭಾಷಣೆ ನಡೆಯುತ್ತಲೇ ಇರುತ್ತದೆ:

"ಶೆಟ್ರೇ, ಈ ಸೆಲ್ಲು ಎಷ್ಟು ದಿನ ಬರ್ತದೆ?"

"ಅದನ್ನು ನಾನು ಹೇಗೆ ಹೇಳುವುದು ಮಾರಾಯ್ರೆ? ನೀವು ಎಷ್ಟು ಹೊತ್ತು ಹಾಕ್ತೀರಿ, ಅದರ ಮೇಲೆ ಉಂಟು."

ಅಂಗಡಿಯವರ ಉತ್ತರ ನುಣುಚಿಕೊಳ್ಳುವ ಮಾತಿನಂತೆ ತೋರಿದರೂ ಶಾಸ್ತ್ರಸಮ್ಮತವಾದುದು. ಅದರ ಕಾರಣವನ್ನು ತಿಳಿಯಲು ಸೆಲ್ಲಿನ ಒಳಗನ್ನು ಒಮ್ಮೆ ನೋಡಬೇಕು.

ಸಾಧಾರಣ ಟಾರ್ಚಿನ ಸೆಲ್ಲು ಒಂದು ಸತುವಿನ ಡಬ್ಬಿ. ನಡುವೆ ಇಂಗಾಲದ ಕಡ್ಡಿ. ಅದರ ಸುತ್ತ ಮ್ಯಾಂಗನೀಸ್ ಡೈ ಆಕ್ಸೈಡು ಮತ್ತು ಇಂಗಾಲದ ಕರಿಯ ಹುಡಿ. ಹುಡಿಗೂ ಡಬ್ಬಿಗೂ ನಡುವೆ ನವಸಾಗರ ಅಥವಾ ಸತುವಿನ ಕ್ಲೋರೈಡು ಬೆರೆತ ಒದ್ದೆಯ ಪದರ. ೧೮೬೬ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಷೆ ಎಂಬಾತ ಗಾಜಿನ ಜಾಡಿಯಲ್ಲಿ ದ್ರವ ತುಂಬಿ ಇದರ ಮೂಲರೂಪವನ್ನು ರಚಿಸಿದನು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಜರ್ಮನಿಯ ಕಾರ್ಲ್ ಗಾಸ್ನರನು ಆ ದ್ರವವನ್ನು ಗಟ್ಟಿಯಾದ ಲೇಪವನ್ನಾಗಿ ಮಾಡಿ, ಚೆಲ್ಲದ ಸೆಲ್ಲನ್ನು ಕೊಟ್ಟನು. ಒಣ ಸೆಲ್ಲು ಎಂಬ ಹೆಸರಿದ್ದರೂ ಅದು ನಿಜವಾಗಿ ಒಣಗಿದರೆ ಕೆಲಸ ಮಾಡದು. ಟಾರ್ಚನ್ನು ಒತ್ತಿದಾಗಲೆಲ್ಲ ಡಬ್ಬಿಯ ಸತು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಅಂದರೆ ಸೆಲ್ಲು ತನ್ನ ಮೈಯನ್ನೇ ತಿಂದು ಬೆಳಕು ಕೊಡುತ್ತದೆ. ಹಳೆಯ ಸೆಲ್ಲುಗಳಿಂದ ರಸ ಸೋರುವುದು ಇದೇ ಕಾರಣದಿಂದ; ಡಬ್ಬಿಯ ಗೋಡೆ ತೂತು ಬಿದ್ದಿರುತ್ತದೆ.

ಈ ಸೆಲ್ಲಿನ ಸ್ವಭಾವ ಎತ್ತಿನ ಸ್ವಭಾವದಂತಿದೆ. ಒಂದೇ ಸಮನೆ ದುಡಿಸಿದರೆ ಬೇಗ ಬಳಲುತ್ತದೆ; ನಡುನಡುವೆ ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಒಳಗಿನ ರಾಸಾಯನಿಕ ಕ್ರಿಯೆಯಲ್ಲಿ ಹುಟ್ಟಿದ ವಸ್ತುಗಳು ಕಡ್ಡಿಯ ಸುತ್ತಲಿನ ಹುಡಿಯಲ್ಲಿ ಕಿಕ್ಕಿರಿದು ನಿಲ್ಲುತ್ತವೆ; ವಿರಾಮ ದೊರೆತಾಗ ಅವು ಚದುರಿ ದಾರಿ ಬಿಡುತ್ತವೆ. ದೊಡ್ಡ ಸೆಲ್ಲುಗಳನ್ನು ಪರೀಕ್ಷಿಸುವವರು ಈ ಗುಣವನ್ನು ಬಲ್ಲರು. ಆದುದರಿಂದ ಟಾರ್ಚಿಗಾಗಿ ಮಾಡುವ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಸೆಲ್ಲನ್ನು ನಾಲ್ಕು ನಿಮಿಷ ದುಡಿಸಿ ಹನ್ನೊಂದು ನಿಮಿಷ ಬಿಡುತ್ತಾರೆ. ದಿನಕ್ಕೆ ಎಂಟು ಗಂಟೆ ಹೀಗೆ ನಡೆಸಿ, ಒಂದೂವರೆ ವೋಲ್ಟಿನ ಸೆಲ್ಲು ೦.೯ ವೋಲ್ಟಿಗೆ ಇಳಿದಾಗ ಅದರ ಆಯುಸ್ಸು ಮುಗಿಯಿತೆಂದು ಬರೆದುಕೊಳ್ಳುತ್ತಾರೆ.

ಆಂಗ್ಲ ಭಾಷೆಯಲ್ಲಿ ಟಾರ್ಚಿಗೆ ಇರುವ 'ಫ್ಲ್ಯಾಷ್ ಲೈಟ್' ಎಂಬ ಹೆಸರೂ ಈ ಬಳಲಿಕೆಯಿಂದಲೇ ಬಂದುದು. ಡೇವಿಡ್ ಮೈಸೆಲ್ ಎಂಬಾತ ಕೊಳವೆಯಾಕಾರದ ಟಾರ್ಚಿಗೆ ೧೮೯೯ರ ಜನವರಿಯಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದನು. ನ್ಯೂಯಾರ್ಕಿನ ಕಾನ್ರಾಡ್ ಹ್ಯೂಬರ್ಟನ ಸಂಸ್ಥೆ ಅದನ್ನು ಮಾರಿತು. ಅಂದಿನ ಸೆಲ್ಲು ದುರ್ಬಲ, ಅಂದಿನ ಬಲ್ಬು ಹೊಟ್ಟೆಬಾಕ. ಒಂದೇ ಸಮನೆ ಉರಿಸಲು ಆಗುತ್ತಿರಲಿಲ್ಲ; ಮಿಂಚಿನಂತೆ ಒಮ್ಮೆ ಬೆಳಗಿಸಿ ಬಿಡಬೇಕಾಗಿತ್ತು. ಭಾರತದಲ್ಲಿ ಎವರೆಡಿ ಸಂಸ್ಥೆ ೧೯೩೪ರಲ್ಲಿ ನೋಂದಣಿಯಾಗಿ ಸೆಲ್ಲುಗಳನ್ನು ಊರೂರಿಗೆ ಮುಟ್ಟಿಸಿತು. ೧೯೫೮ರಲ್ಲಿ ಲಖನೌದಲ್ಲಿ ಟಾರ್ಚುಗಳ ಕಾರ್ಖಾನೆ ಆರಂಭವಾಯಿತು. ಹೊಳೆಯುವ ಲೋಹದ ಆ ಟಾರ್ಚು ಮದುವೆಯ ಉಡುಗೊರೆಯಾಗುವಷ್ಟು ಗೌರವಕ್ಕೆ ಪಾತ್ರವಾಯಿತು. ಹಲವು ಹಳ್ಳಿಗಳಲ್ಲಿ ಟಾರ್ಚಿಗೆ 'ಬ್ಯಾಟರಿ' ಎಂದೇ ಹೆಸರು ನಿಂತಿತು. ದೀಪಕ್ಕಿಂತ ಅದರ ಆಹಾರವೇ ಜನರ ಮನಸ್ಸನ್ನು ಹೆಚ್ಚು ಆವರಿಸಿತ್ತೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಹಳೆಯ ತಂತುವಿನ ಬಲ್ಬಿನ ಲೆಕ್ಕ ಹೀಗಿದೆ. ಎರಡು ದೊಡ್ಡ ಸೆಲ್ಲಿನ ಟಾರ್ಚಿನಲ್ಲಿ ೦.೩ ಆಂಪಿಯರಿನ ಬಲ್ಬಿದ್ದು, ಬಿಡುವು ಕೊಟ್ಟು ಬಳಸಿದರೆ, ಒಳ್ಳೆಯ ಸೆಲ್ಲುಗಳು ಒಟ್ಟು ಹತ್ತು ಹನ್ನೆರಡು ಗಂಟೆ ಬಾಳುತ್ತವೆ. ೦.೫ ಆಂಪಿಯರಿನ ಬಲ್ಬಾದರೆ ಅದರ ಅರ್ಧ. ದಿನಕ್ಕೆ ಹತ್ತು ನಿಮಿಷ ಹಟ್ಟಿಗೆ ಹೋಗಿ ಬರುವ ಮನೆಯಲ್ಲಿ ಮೊದಲನೆಯ ಬಲ್ಬಿನೊಡನೆ ಎರಡು ತಿಂಗಳು. ದಿನವೂ ಅರ್ಧ ಗಂಟೆ ನಡೆಯುವವನಿಗೆ ಮೂರು ವಾರ. ಅದರಲ್ಲಿಯೂ ಕೊನೆಯ ಭಾಗದ ಬೆಳಕು ಹೆಸರಿಗೆ ಮಾತ್ರ. ತಂತುವಿನ ಬಲ್ಬಿನಲ್ಲಿ ವೋಲ್ಟೇಜು ಹತ್ತನೆಯ ಒಂದು ಪಾಲು ಇಳಿದರೆ ಬೆಳಕು ಮೂರನೆಯ ಒಂದು ಪಾಲಿನಷ್ಟು ಇಳಿಯುತ್ತದೆ. ಬಿಳಿಯ ಬೆಳಕು ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ಬೂದಿಯೊಳಗಿನ ಕೆಂಡದಂತೆ ಉಳಿಯುತ್ತದೆ.

ಇಂತಹ ದುಬಾರಿ ಬೆಳಕನ್ನು ಜನ ಉಳಿಸಲು ಯತ್ನಿಸಿದುದು ಸಹಜವೇ. ಸೋತ ಸೆಲ್ಲನ್ನು ಬಿಸಿಲಿಗಿಡುವ ಪದ್ಧತಿ ನಾಡಿನಾದ್ಯಂತ ಇತ್ತು. ಅದು ಮೂಢನಂಬಿಕೆಯಲ್ಲ, ಶಾಖದಿಂದ ಒಳಗಿನ ಕ್ರಿಯೆ ಚುರುಕಾಗಿ ಸೆಲ್ಲು ಸ್ವಲ್ಪ ಕಾಲ ಎಚ್ಚರಗೊಳ್ಳುತ್ತದೆ. ಆದರೆ ಹೊಸ ಸತು ಹುಟ್ಟುವುದಿಲ್ಲ. ಗಳಿಸಿದ ನಾಲ್ಕು ನಿಮಿಷಗಳಿಗಾಗಿ ಡಬ್ಬಿ ಬೇಗ ಸೋರಬಹುದು. ಒಲೆಯ ಬಳಿ ಇಡುವುದಂತೂ ಅಪಾಯ. ಒಂದು ಹಳೆಯ ಸೆಲ್ಲಿನೊಡನೆ ಒಂದು ಹೊಸ ಸೆಲ್ಲನ್ನು ಹಾಕುವುದು ಇನ್ನೊಂದು ಉಳಿತಾಯ. ಇದು ಉಳಿತಾಯವೇ ಅಲ್ಲ. ಸಾಲಾಗಿ ನಿಂತ ಸೆಲ್ಲುಗಳಲ್ಲಿ ಹಳೆಯದು ಬೇಗ ಬರಿದಾಗಿ, ಹೊಸದರ ಬಲವನ್ನು ತಡೆದು, ಕಡೆಗೆ ಸೋರಿ ಟಾರ್ಚನ್ನೂ ಕೆಡಿಸುತ್ತದೆ. ಮುಗಿದ ಸೆಲ್ಲನ್ನು ಒಡೆದು ಅದರ ಕರಿಯ ಹುಡಿಯನ್ನು ಸಗಣಿಗೆ ಬೆರೆಸಿ ನೆಲ ಸಾರಿಸಿ ಕಪ್ಪು ಹೊಳಪು ತರುತ್ತಿದ್ದ ಮನೆಗಳೂ ಉಂಟು. ಏನನ್ನೂ ಹಾಳು ಮಾಡದ ಗೃಹಿಣಿಯ ಜಾಣ್ಮೆಯನ್ನು ಮೆಚ್ಚಬೇಕು. ಆದರೆ ಮ್ಯಾಂಗನೀಸಿನ ಹುಡಿ ಉಸಿರಿನೊಡನೆ ಒಳಗೆ ಹೋಗತಕ್ಕ ವಸ್ತುವಲ್ಲವಾದುದರಿಂದ ಆ ಪದ್ಧತಿ ನಿಂತುಹೋಗುವುದೇ ಒಳ್ಳೆಯದು.

ಇವೆಲ್ಲಕ್ಕಿಂತ ಆಳವಾಗಿ ಬೇರೂರಿದ ಉಳಿತಾಯ ಇನ್ನೊಂದಿದೆ. ಅದು ಕೈಯ ಅಭ್ಯಾಸ. ಟಾರ್ಚು ಹಿಡಿದ ಹಿರಿಯರು ನಡೆಯುವುದನ್ನು ಗಮನಿಸಿದವರಿಗೆ ಇದು ಗೊತ್ತು. ಒಮ್ಮೆ ಒತ್ತುತ್ತಾರೆ, ಮುಂದಿನ ಹತ್ತು ಹೆಜ್ಜೆಯ ನೆಲವನ್ನು ಕಣ್ಣಿನಲ್ಲಿ ತುಂಬಿಕೊಳ್ಳುತ್ತಾರೆ, ಆರಿಸುತ್ತಾರೆ, ಆ ಹತ್ತು ಹೆಜ್ಜೆಯನ್ನು ಕತ್ತಲೆಯಲ್ಲಿ ಇಡುತ್ತಾರೆ. ಮತ್ತೆ ಒತ್ತುತ್ತಾರೆ. ಸೆಲ್ಲಿಗೆ ಬಿಡುವು ಸಿಕ್ಕಿತು, ಆಯುಸ್ಸು ಹೆಚ್ಚಿತು. ತಂತುವಿನ ಬಲ್ಬಿನ ಕಾಲದಲ್ಲಿ ಇದು ಅನಿವಾರ್ಯವಾದ ಲೆಕ್ಕಾಚಾರ. ಮನೆಯ ಮಕ್ಕಳು ಟಾರ್ಚನ್ನು ಹಿಡಿದು ಗೋಡೆಯ ಮೇಲೆ ಬೆಳಕಿನಾಟ ಆಡಿದರೆ, "ಸೆಲ್ಲು ಮುಗಿಸಬೇಡ ಮಗಾ" ಎಂಬ ಗದರಿಕೆ ಒಳಗಿನಿಂದ ಬರುತ್ತಿತ್ತು. ಅನೇಕ ಮನೆಗಳಲ್ಲಿ ಟಾರ್ಚು ಯಜಮಾನರ ತಲೆದಿಂಬಿನ ಬಳಿ ಇರುತ್ತಿತ್ತು. ಹಿತ್ತಲಿಗೆ ಹೋಗುವ ಸೊಸೆ, ಹಟ್ಟಿಗೆ ಹೋಗುವ ಅತ್ತೆ, ತೋಟದಿಂದ ಹಿಂದಿರುಗುವ ಕೆಲಸದಾಳು, ಇವರು ನೆನಪಿನ ಬೆಳಕಿನಲ್ಲಿ ನಡೆಯುತ್ತಿದ್ದರು.

ಆ ಕಾಲ ಕಳೆದಿದೆ. ತಂತುವಿನ ಬಲ್ಬು ಸೆಲ್ಲಿನಿಂದ ಪಡೆದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ಅದರ ಸ್ಥಾನಕ್ಕೆ ಎಲ್‌ಇಡಿ ಬಂದಿತು. ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ಜಪಾನಿನಲ್ಲಿ ಜನಿಸಿದ ವಿಜ್ಞಾನಿಗಳು ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದುದರಿಂದ ಬಿಳಿಯ ಬೆಳಕಿನ ದೀಪ ಸಾಧ್ಯವಾಯಿತು; ಅದಕ್ಕಾಗಿ ಅವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಳೆಯ ಟಾರ್ಚು ಕೊಡುತ್ತಿದ್ದಷ್ಟು ಬೆಳಕನ್ನು ಎಲ್‌ಇಡಿ ಸುಮಾರು ಹತ್ತನೆಯ ಒಂದು ಪಾಲು ಶಕ್ತಿಯಲ್ಲಿ ಕೊಡಬಲ್ಲದು. ಅಂದರೆ ಅದೇ ಎರಡು ದೊಡ್ಡ ಸೆಲ್ಲು, ಹತ್ತು ಗಂಟೆಯ ಬದಲಾಗಿ ನೂರು ಗಂಟೆ. ದಿನಕ್ಕೆ ಅರ್ಧ ಗಂಟೆ ನಡೆಯುವವನಿಗೆ ಮೂರು ವಾರದ ಬದಲಾಗಿ ಆರು ತಿಂಗಳು. ಇಡೀ ಮಳೆಗಾಲ ಕಳೆದು ದೀಪಾವಳಿಯನ್ನೂ ದಾಟುವಷ್ಟು.

ಬಲ್ಬು ಬದಲಾಯಿತು, ಕೈ ಬದಲಾಗಲಿಲ್ಲ. ಎಲ್‌ಇಡಿ ಟಾರ್ಚನ್ನು ಹಿಡಿದವರೂ ಹತ್ತು ಹೆಜ್ಜೆ ಬೆಳಕು, ಹತ್ತು ಹೆಜ್ಜೆ ಕತ್ತಲೆ ಎಂಬ ಹಳೆಯ ತಾಳಕ್ಕೇ ನಡೆಯುತ್ತಾರೆ. ಕಾರಣ ಹೋದ ಮೇಲೆಯೂ ಉಳಿದ ಅಭ್ಯಾಸಗಳು ಲೋಕದಲ್ಲಿ ಬಹಳ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಇದು ಹಾಗಲ್ಲ.

ಮಳೆಗಾಲದ ರಾತ್ರಿಯಲ್ಲಿ ಕಾಲುದಾರಿ ಮನುಷ್ಯರಿಗೆ ಮಾತ್ರ ಸೇರಿದುದಲ್ಲ. ಹೆಜ್ಜೆಯ ಸದ್ದಿಗೆ ಸರಿದುಹೋಗುವ ಹಾವುಗಳಿವೆ. ಕೊಳಕುಮಂಡಲ ಸುಲಭವಾಗಿ ಸರಿಯುವ ಜಾತಿಯಲ್ಲ. ತರಗೆಲೆಯ ಬಣ್ಣದಲ್ಲಿ ತರಗೆಲೆಯ ನಡುವೆ ಮಲಗಿರುತ್ತದೆ, ತುಳಿದರೆ ಕಚ್ಚುತ್ತದೆ. ಕತ್ತಲೆಯಲ್ಲಿ ಇಟ್ಟ ಹತ್ತು ಹೆಜ್ಜೆಗಳಲ್ಲಿ ಒಂದು ಸಾಕು. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು ಹನ್ನೆರಡು ಲಕ್ಷ ಜನ ಮೃತಪಟ್ಟರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ ೫೮,೦೦೦. ಹೆಚ್ಚಿನವರು ಹಳ್ಳಿಯವರು, ಸಾವುಗಳಲ್ಲಿ ಸುಮಾರು ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಕರ್ನಾಟಕ ಸರಕಾರ ೨೦೨೪ರ ಫೆಬ್ರವರಿಯಲ್ಲಿ, ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ವೈದ್ಯರು ಸರಕಾರಕ್ಕೆ ತಿಳಿಸಲೇಬೇಕೆಂದು ವಿಧಿಸಿತು. ಕಚ್ಚಿಸಿಕೊಂಡವರನ್ನು ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ನಾಟಿಮದ್ದಿಗೆ ಕಾಲ ಕಳೆಯದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕೆಂಬುದು ವೈದ್ಯರ ಮಾತು. ಆದರೆ ತೋಟದ ಒಳಗಿನ ಮನೆಯಿಂದ ಬಜಗೋಳಿಗೆ, ಬಜಗೋಳಿಯಿಂದ ಕಾರ್ಕಳಕ್ಕೆ, ಅಗತ್ಯ ಬಿದ್ದರೆ ಅಲ್ಲಿಂದ ಮಣಿಪಾಲಕ್ಕೆ, ಮಳೆಯ ನಡುರಾತ್ರಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಅಲ್ಲಿಯವರೇ ಬಲ್ಲರು. ಆ ಪ್ರಯಾಣವನ್ನು ತಪ್ಪಿಸಬಲ್ಲ ಅತಿ ಅಗ್ಗದ ಔಷಧವೆಂದರೆ ಆರಿಸದ ಟಾರ್ಚು. ಜೊತೆಗೆ ಪಾದ ಮುಚ್ಚುವ ಮೆಟ್ಟು.

ಹೀಗೆಂದು ಹೊಸ ಟಾರ್ಚುಗಳಿಗೆ ದೋಷಗಳಿಲ್ಲವೆಂದಲ್ಲ. ಮೊದಲನೆಯದು, ಪ್ರಖರತೆಯ ಮೋಹ. ಆಕಾಶವನ್ನು ಸೀಳುವಂತಹ ಮೂರು ವಾಟಿನ ಟಾರ್ಚು ಎರಡು ಸಾಧಾರಣ ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಹಳೆಯ ಬಲ್ಬಿಗಿಂತಲೂ ಹೊಟ್ಟೆಬಾಕ. ನಡೆಯುವವನಿಗೆ ಬೇಕಾದುದು ಎದುರಿನ ಗುಡ್ಡವಲ್ಲ, ಮುಂದಿನ ಐದು ಮಾರು ನೆಲ. ಎರಡನೆಯದು, ಮುನ್ಸೂಚನೆಯ ಅಭಾವ. ಹಳೆಯ ಬಲ್ಬು ಕೆಂಪಾಗುತ್ತ ಸಾಯುತ್ತಿತ್ತು. ಮನೆಯವರಿಗೆ ಎರಡು ದಿನಗಳ ಎಚ್ಚರಿಕೆ ಸಿಗುತ್ತಿತ್ತು. ಬೆಳಕನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಹಲವು ಹೊಸ ಟಾರ್ಚುಗಳು ಕೊನೆಯ ಕ್ಷಣದವರೆಗೂ ಬಿಳಿಯಾಗಿ ಉರಿದು ಥಟ್ಟನೆ ಆರುತ್ತವೆ. ತೂಟೆಯಿಂದ ಸೆಲ್ಲಿಗೆ ಬಂದಾಗ ಕಳೆದುಕೊಂಡ ಲೆಕ್ಕ ಇಲ್ಲಿ ಪೂರ್ತಿ ಕಳೆದುಹೋಯಿತು. ಮೂರನೆಯದು, ಚಾರ್ಜು ಮಾಡುವ ಟಾರ್ಚುಗಳ ವಿಚಾರ. ವಿದ್ಯುತ್ತು ಇದ್ದಾಗ ಅವುಗಳ ನೆನಪಾಗುವುದಿಲ್ಲ; ಹೋದಾಗ ಚಾರ್ಜು ಮಾಡಲಾಗುವುದಿಲ್ಲ. ಸೀಸದ ಬ್ಯಾಟರಿಯುಳ್ಳವನ್ನು ಬರಿದಾಗಿಯೇ ತಿಂಗಳುಗಟ್ಟಲೆ ಬಿಟ್ಟರೆ ಅವು ಮತ್ತೆ ಏಳುವುದೇ ಇಲ್ಲ. ಮೊಬೈಲಿನ ದೀಪ ಇದ್ದೇ ಇದೆಯಲ್ಲ ಎನ್ನುವವರೂ ಒಂದನ್ನು ಯೋಚಿಸಬೇಕು: ಆಪತ್ತಿನಲ್ಲಿ ೧೦೮ಕ್ಕೆ ಕರೆ ಮಾಡಬೇಕಾದುದು ಅದೇ ಮೊಬೈಲಿನಿಂದ.

ಆದುದರಿಂದ ಕಣ್ಣಿಗೆ ಕಾಣದ ಲೆಕ್ಕವನ್ನು ಮನುಷ್ಯನೇ ಇಡಬೇಕಾಗಿದೆ. ಅದು ಕಷ್ಟವೇನಲ್ಲ. ಸೆಲ್ಲು ಹಾಕಿದ ದಿನಾಂಕವನ್ನು ಒಂದು ಚೂರು ಕಾಗದದಲ್ಲಿ ಬರೆದು ಟಾರ್ಚಿಗೆ ಅಂಟಿಸಿದರೆ ಸಾಕು. ಒಂದೆರಡು ಸಲದ ಅನುಭವದಿಂದ ಆ ಮನೆಯ ಟಾರ್ಚಿನ ಅವಧಿ ತಿಳಿಯುತ್ತದೆ. ಎರಡು ಸೆಲ್ಲುಗಳನ್ನೂ ಒಟ್ಟಿಗೆ, ಒಂದೇ ಬಗೆಯವನ್ನು ಬದಲಾಯಿಸಬೇಕು. ಪತ್ತನಾಜೆಗೆ ಮುನ್ನ ಒಂದು ಹೊಸ ಜೊತೆ ಒಣಗಿದ ಡಬ್ಬಿಯಲ್ಲಿರಲಿ. ದಿನವೂ ಬಳಸುವವರು ಸ್ವಲ್ಪ ಹೆಚ್ಚು ಕೊಟ್ಟು ಆಲ್ಕಲೈನ್ ಸೆಲ್ಲನ್ನು ಕೊಂಡರೆ ಅದು ಸಾಧಾರಣ ಸೆಲ್ಲಿನ ಎರಡರಷ್ಟಾದರೂ ಬಾಳುತ್ತದೆ. ಬಳಸದೆ ಇಡುವ ಟಾರ್ಚಿನಿಂದ ಸೆಲ್ಲುಗಳನ್ನು ತೆಗೆದಿಡಬೇಕು; ಪ್ರವಾಸದ ಚೀಲದಲ್ಲಿ ಗುಂಡಿ ತಾನಾಗಿ ಒತ್ತಿಕೊಳ್ಳುವ ಭಯವಿದ್ದರೂ ಇದೇ ಉಪಾಯ. ಮುಗಿದ ಸೆಲ್ಲುಗಳನ್ನು ತೋಡಿಗೋ ಬಾವಿಯ ಬಳಿಗೋ ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಕೂಡಿಟ್ಟು, ಸಂಗ್ರಹಿಸುವವರಿಗೆ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಮನೆಗೆ ಒಂದು ಟಾರ್ಚು ಎಂಬ ಲೆಕ್ಕ ಸಾಲದು. ಯಜಮಾನರ ತಲೆದಿಂಬಿನ ಬಳಿ ಒಂದಿರಲಿ; ಹಿತ್ತಲ ಬಾಗಿಲಿನ ಮೊಳೆಗೆ ಇನ್ನೊಂದು ತೂಗಲಿ. ರಾತ್ರಿ ಹಟ್ಟಿಗೆ ಹೋಗುವವರು, ಬೆಳಗಿನ ಜಾವಕ್ಕೆ ಮುನ್ನ ರಬ್ಬರ್ ಟ್ಯಾಪಿಂಗಿಗೆ ಹೊರಡುವವರು, ಕೆಲಸ ಮುಗಿಸಿ ತಡವಾಗಿ ಮನೆಗೆ ಮರಳುವ ಆಳುಗಳು, ಇವರ ಕೈಯಲ್ಲಿ ಮೊದಲು ಬೆಳಕಿರಬೇಕು. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿ ಬೇಸಿಗೆಗೊಮ್ಮೆ ಊರಿನ ಮನೆಗೆ ಬರುವ ಮಕ್ಕಳು ತಂದೆತಾಯಂದಿರಿಗೆ ಏನೇನನ್ನೋ ತರುತ್ತಾರೆ. ಒಂದು ಒಳ್ಳೆಯ ಟಾರ್ಚು, ಎರಡು ಜೊತೆ ಸೆಲ್ಲು ಅವುಗಳಲ್ಲಿ ಸೇರಲಿ. ಕೊಡುವಾಗ ಒಂದು ಮಾತನ್ನೂ ಹೇಳಲಿ: "ಅಪ್ಪಾ, ದಾರಿಯಲ್ಲಿ ಆರಿಸಿ ಆರಿಸಿ ನಡೆಯಬೇಡಿ. ಮನೆ ಮುಟ್ಟುವವರೆಗೂ ಉರಿಯಲಿ. ಸೆಲ್ಲು ಮುಗಿದರೆ ನಾನು ಕಳಿಸ್ತೇನೆ."